ಬಿಳಿ ಕಲ್ಲು ಹಾಕಿದೆ

ನಮ್ಮ ಮನೆಯ ಹಾಲಿನಲ್ಲಿ, ಟಿವಿಯ ಮೇಲಿನ ಗೋಡೆಗೆ, ಒಂದು ಹಾಳೆಗೆ ಕಟ್ಟು ಹಾಕಿಸಿ ತೂಗುಹಾಕಿ ಹತ್ತು ವರ್ಷವಾಯಿತು. ಬಂದವರು ಯಾರೋ ಹಿರಿಯರ ಫೋಟೋ ಇರಬೇಕೆಂದು ಹತ್ತಿರ ಹೋಗುತ್ತಾರೆ, ಇರುವೆ ಸಾಲಿನಂಥ ಅಕ್ಷರಗಳನ್ನು ಕಂಡು ಪೆಚ್ಚಾಗಿ ವಾಪಸು ಬಂದು ಕೂರುತ್ತಾರೆ. ಅಷ್ಟರಲ್ಲಿ ನನ್ನ ಹೆಂಡತಿ ಅಡುಗೆಮನೆಯಿಂದ ಕೈ ಒರೆಸಿಕೊಳ್ಳುತ್ತಾ ಓಡಿ ಬಂದಿರುತ್ತಾಳೆ. "ನಮ್ಮನೆಯವರ ಹೆಸರು ಬಂದಿರೋ ಪೇಪರ್ ಅದು. ಪ್ರಪಂಚದವರೆಲ್ಲ ಓದಿದಾರಂತೆ. ಕೊನೇ ಸಾಲು ನೋಡಿ, ಕೆಂಪು ಗೆರೆ ಹಾಕಿದೀನಲ್ಲ."

ಆ ಸಾಲಿನಲ್ಲಿ, ಕಲ್ಲುಗಳನ್ನು ಅತ್ಯಂತ ಜಾಗ್ರತೆಯಿಂದ ಪುಡಿ ಮಾಡಿಕೊಟ್ಟದ್ದಕ್ಕೆ ನನಗೆ ಕೃತಜ್ಞತೆ ಹೇಳಿದೆ. ಐವತ್ತಾರು ವರ್ಷದ ಬಾಳಿನಲ್ಲಿ ನನ್ನ ಹೆಸರು ಅಚ್ಚಾದದ್ದು ಅದೇ ಮೊದಲ ಸಲ, ಮದುವೆಯ ಕಾಗದ ಬಿಟ್ಟರೆ. ಆ ಜಾಗ್ರತೆಯ ಕಥೆಯನ್ನು ಹೇಳಬೇಕಾದವರಿಗೆ ಹೇಳಲಿಲ್ಲ. ನಿಮಗಾದರೂ ಹೇಳಿ ಹಗುರಾಗೋಣವೆಂದುಕೊಂಡರೆ, ಹಗುರಾಗುವ ಹಕ್ಕೂ ನನಗಿಲ್ಲ. ಆದರೂ ಹೇಳುತ್ತೇನೆ.

ನಾನು ವಿಶ್ವವಿದ್ಯಾಲಯದ ಭೂವಿಜ್ಞಾನ ವಿಭಾಗದಲ್ಲಿ ಕಲ್ಲು ಪುಡಿ ಮಾಡುವವನು. ಹುದ್ದೆಗೆ ಉದ್ದನೆಯ ಹೆಸರೊಂದಿದೆ, ಆದರೆ ಎಲ್ಲರ ಬಾಯಲ್ಲೂ ನಾನು ಪುಡಿಯಣ್ಣ. ಮೇಲಿನ ಮೂರು ಮಹಡಿಗಳಲ್ಲಿ ಪಾಠ, ಕಂಪ್ಯೂಟರು, ಭಾಷಣ, ಜಗಳ ಎಲ್ಲ ಇರುತ್ತದೆ. ನೆಲಮಾಳಿಗೆಯಲ್ಲಿ ನಾನು ಮತ್ತು ನನ್ನ ಯಂತ್ರ. ಎರಡು ಕಬ್ಬಿಣದ ದವಡೆಗಳು ಅದಕ್ಕೆ. ಬಟ್ಟೆ ಚೀಲದಲ್ಲಿ ನಂಬರು ಬರೆದು ತಂದ ಕಲ್ಲನ್ನು ಅಗಿದು ಜಲ್ಲಿ ಮಾಡುತ್ತದೆ. ಆಮೇಲೆ ಇನ್ನೊಂದು ಯಂತ್ರ ಅದನ್ನು ಮರಳು ಮಾಡುತ್ತದೆ. ಜರಡಿ ಹಿಡಿದು, ನೀರಲ್ಲಿ ಜಾಲಿಸಿ, ಭಾರದ ದ್ರವದಲ್ಲಿ ಮುಳುಗಿಸಿದರೆ ಇಪ್ಪತ್ತು ಕಿಲೋ ಕಲ್ಲಿಗೆ ಒಂದು ಚಿಟಿಕೆ ಪುಡಿ ತಳದಲ್ಲಿ ಉಳಿಯುತ್ತದೆ. ಆ ಚಿಟಿಕೆಯಲ್ಲಿರುತ್ತವೆ ಜಿರ್ಕಾನ್ ಕಾಳುಗಳು. ರವೆಗಿಂತ ಸಣ್ಣವು, ಕಣ್ಣಿಗೆ ಕಾಣುವುದೂ ಕಷ್ಟ. ಕಲ್ಲು ಹುಟ್ಟಿ ಎಷ್ಟು ವರ್ಷವಾಯಿತೆಂಬ ಲೆಕ್ಕವನ್ನು ಹೊಟ್ಟೆಯಲ್ಲಿಟ್ಟುಕೊಂಡಿರುವುದು ಅವೇ. ವಿದ್ಯಾರ್ಥಿಗಳು ಸೂಕ್ಷ್ಮದರ್ಶಕದ ಕೆಳಗೆ ಸೂಜಿ ಹಿಡಿದು ಒಂದೊಂದೇ ಕಾಳು ಆರಿಸುತ್ತಾರೆ. ಆರಿಸಿದ್ದನ್ನು ಬೇರೆ ಊರಿನ ದೊಡ್ಡ ಯಂತ್ರಕ್ಕೆ ಒಯ್ದು ವಯಸ್ಸು ಕೇಳಿಕೊಂಡು ಬರುತ್ತಾರೆ.

ನನ್ನ ಕೆಲಸಕ್ಕೆ ಇರುವ ನಿಯಮ ಒಂದೇ. ಒಂದು ಕಲ್ಲು ಮುಗಿದು ಇನ್ನೊಂದು ಕಲ್ಲು ಹಾಕುವ ಮುಂಚೆ ಯಂತ್ರವನ್ನು ಬ್ರಷ್ಷಿನಿಂದ ಉಜ್ಜಿ, ಗಾಳಿ ಹೊಡೆದು, ಕೊನೆಗೆ ಬಿಳಿ ಕಲ್ಲು ಹಾಕಬೇಕು. ಹಾಲಿನಂಥ ಬಿಳಿ ಬೆಣಚುಕಲ್ಲು, ಅದರಲ್ಲಿ ಒಂದೂ ಕಾಳು ಇರುವುದಿಲ್ಲ. ಅದನ್ನು ಅಗಿದು ಉಗುಳಿದರೆ ಯಂತ್ರದ ಸಂದಿಗೊಂದಿಯಲ್ಲಿ ಸಿಕ್ಕಿಕೊಂಡ ಹಳೆಯ ಪುಡಿಯೆಲ್ಲ ಅದರ ಜೊತೆ ಬಂದುಬಿಡುತ್ತದೆ. ಉಂಡ ಮೇಲೆ ಬಾಯಿ ಮುಕ್ಕಳಿಸಿದ ಹಾಗೆ. ಮುಕ್ಕಳಿಸದಿದ್ದರೆ ಹಿಂದಿನ ಕಲ್ಲಿನ ನಾಲ್ಕು ಕಾಳು ಮುಂದಿನ ಕಲ್ಲಿಗೆ ಸೇರಿ, ಮಗುವಿಗೆ ಅಜ್ಜನ ವಯಸ್ಸು ಬಂದುಬಿಡುತ್ತದೆ. ಇದಕ್ಕೆಂದೇ ಒಂದು ಪುಸ್ತಕವಿದೆ. ತಾರೀಕು, ಕಲ್ಲಿನ ನಂಬರು, ಯಾರದು, 'ಬಿಳಿ ಕಲ್ಲು: ಹಾಕಿದೆ', ನನ್ನ ಸಹಿ.

ಹನ್ನೊಂದು ವರ್ಷದ ಹಿಂದಿನ ಮಾತು. ಬೇರೆ ದೇಶದಿಂದ ಬಂದಿದ್ದ ಅತಿಥಿ ಸಂಶೋಧಕನೊಬ್ಬ ಎರಡು ಪೆಟ್ಟಿಗೆ ಕಲ್ಲು ತಂದಿದ್ದ. ಒಳ್ಳೆಯ ಮನುಷ್ಯ, ನೆಲಮಾಳಿಗೆಗೆ ಇಳಿದಾಗಲೆಲ್ಲ ನನ್ನ ಕೈ ಕುಲುಕುತ್ತಿದ್ದ. ಅವನ ಕಲ್ಲು ಮುಗಿಸಿ ಯಂತ್ರ ನಿಲ್ಲಿಸಿದ್ದೆನಷ್ಟೆ, ಮೇಷ್ಟ್ರು ಬಂದರು. ಮೇಷ್ಟ್ರು ಅಂದರೆ ನಮ್ಮ ದೊಡ್ಡ ಪ್ರೊಫೆಸರ್, ಆಗ ಇನ್ನೂ ಅಷ್ಟು ದೊಡ್ಡವರಾಗಿರಲಿಲ್ಲ. ಬೋಳುಗುಡ್ಡ ಅಂತ ಅವರೇ ಹೆಸರಿಟ್ಟ ಗುಡ್ಡದಿಂದ ಕಲ್ಲು ತಂದಿದ್ದರು. ಮುಂದಿನ ವಾರವೇ ವಯಸ್ಸು ಹೇಳುವ ಯಂತ್ರದಲ್ಲಿ ಅವರ ಸರದಿ. ತಪ್ಪಿದರೆ ಮತ್ತೆ ಎಂಟು ತಿಂಗಳು ಕಾಯಬೇಕು.

"ಬಿಳಿ ಕಲ್ಲು ಖಾಲಿಯಾಗಿದೆ ಸರ್. ಆಫೀಸಿಗೆ ಬರೆದುಕೊಟ್ಟು ನಾಲ್ಕು ತಿಂಗಳಾಯ್ತು, ಇನ್ನೂ ತರಿಸಿಲ್ಲ," ಅಂದೆ.

"ಚೆನ್ನಾಗಿ ಬ್ರಷ್ ಹೊಡೆದು ಹಾಕಯ್ಯ, ಏನೂ ಆಗಲ್ಲ," ಎಂದು ಗಡಿಯಾರ ನೋಡಿಕೊಂಡರು.

ಹೊಡೆದೆ. ಚೆನ್ನಾಗಿಯೇ ಹೊಡೆದೆ. ಆಮೇಲೆ ಪುಸ್ತಕ ತೆಗೆದಾಗ ಕೈ ಒಂದು ಗಳಿಗೆ ನಿಂತಿತು. 'ಹಾಕಿಲ್ಲ' ಎಂದು ಬರೆದರೆ ಯಾಕೆ, ಏನು, ಎತ್ತ ಎಂದು ಮೇಲಿನವರು ಕೇಳುತ್ತಾರೆ. ಹದಿನೈದು ವರ್ಷದಿಂದ ಒಂದೇ ಪದ ಬರೆದು ಅಭ್ಯಾಸವಾದ ಕೈ, ಅದೇ ಪದ ಬರೆಯಿತು. ಕೈಯ ಮೇಲೆ ತಪ್ಪು ಹೊರಿಸುತ್ತಿದ್ದೇನೆ ನೋಡಿ. ಬರೆದವನು ನಾನು.

ಬೋಳುಗುಡ್ಡದ ಕಲ್ಲಿನಲ್ಲಿ ಏಳು ಕಾಳುಗಳು ಮುನ್ನೂರ ತೊಂಬತ್ತು ಕೋಟಿ ವರ್ಷ ಹಳೆಯವು ಎಂದು ಬಂತು. ಭೂಮಿಗೇ ಆಗ ಇನ್ನೂ ಎಳೆ ವಯಸ್ಸು. ಮೇಷ್ಟ್ರು ರಾತ್ರೋರಾತ್ರಿ ಮೇಲೇರಿದರು. ಪತ್ರಿಕೆಗಳಲ್ಲಿ ಫೋಟೋ, ಹೊಸ ಪ್ರಯೋಗಾಲಯ, ವಿಭಾಗದ ಬಾಗಿಲಿಗೇ ಬೋಳುಗುಡ್ಡದ ಒಂದು ಬಂಡೆ ತಂದು ಕಂಬದ ಮೇಲೆ ಕೂರಿಸಿದರು. ನನ್ನ ಬೆನ್ನು ತಟ್ಟಿ, "ನಿನ್ನ ಹೆಸರೂ ಹಾಕಿದೀನಪ್ಪ," ಅಂದರು. ಹೆಂಡತಿ ಅವತ್ತೇ ಕಟ್ಟು ಹಾಕಿಸಲು ಓಡಿದಳು.

ಐದು ವರ್ಷದ ಹಿಂದೆ ಬಂದಳು ಆ ಹುಡುಗಿ. ಅಪ್ಪ ಬಸ್ ಡ್ರೈವರು. ಯಾರು ಏನೇ ಹೇಳಿದರೂ "ಅದು ಹೇಗೆ ಗೊತ್ತು?" ಎಂದು ಕೇಳುವವಳಾದ್ದರಿಂದ ಜೊತೆಯವರು ಅವಳಿಗೆ ಜರಡಿ ಎಂದು ಹೆಸರಿಟ್ಟರು. ಬಾಗಿಲ ಬಂಡೆಯನ್ನು ಮೊದಲ ದಿನ ಮುಟ್ಟಿ ನೋಡಿದ್ದನ್ನು ನಾನು ಕಂಡಿದ್ದೆ, ಬೆಚ್ಚಗಿದೆಯೇ ಎಂದು ಮಗುವಿನ ಹಣೆ ನೋಡುತ್ತಾರಲ್ಲ, ಹಾಗೆ. ಮೇಷ್ಟ್ರು ಅವಳಿಗೆ ಕೊಟ್ಟ ಕೆಲಸ ಇಷ್ಟೇ: ಬೋಳುಗುಡ್ಡಕ್ಕೆ ಹೋಗು, ಅಂಥ ಹಳೆಯ ಕಾಳು ಇನ್ನಷ್ಟು ಹುಡುಕು, ಪಿಎಚ್‌.ಡಿ. ತಗೋ. ಅವಳಿಗಿಂತ ಮುಂಚೆ ಒಬ್ಬ ಇದೇ ಕೆಲಸಕ್ಕೆ ಹೋಗಿದ್ದ. ಎಂಟೇ ತಿಂಗಳಿಗೆ ಬ್ಯಾಂಕಿನ ಪರೀಕ್ಷೆ ಬರೆದು ಪಾರಾದ. ಬುದ್ಧಿವಂತ.

ಇವಳು ಮೊಂಡಿ. ಬೆನ್ನ ಮೇಲೆ ಕಲ್ಲು ಹೊತ್ತು ತಂದಳು. ನಾನು ಪುಡಿ ಮಾಡಿದೆ, ಪ್ರತಿ ಸಲವೂ ಬಿಳಿ ಕಲ್ಲು ಹಾಕಿಯೇ ಮಾಡಿದೆ. ಅವಳು ಬೆಳಗ್ಗೆಯಿಂದ ಸಂಜೆವರೆಗೆ ಸೂಜಿ ಹಿಡಿದು ಕೂತು ಆರಿಸಿದಳು. ಎರಡು ಸಾವಿರದ ಆರುನೂರು ಕಾಳು. ಒಂದೊಂದೂ ಇನ್ನೂರ ಎಪ್ಪತ್ತು ಕೋಟಿ ವರ್ಷದ್ದೇ. ಮುನ್ನೂರ ತೊಂಬತ್ತು ಕೋಟಿಯದು ಒಂದೂ ಇಲ್ಲ.

"ಇಲ್ಲ ಅಂದ್ರೆ ನೀನು ಸರಿಯಾಗಿ ಆರಿಸ್ತಿಲ್ಲ ಅಂತ," ಮೇಷ್ಟ್ರು ಎಲ್ಲರೆದುರೇ ಹೇಳಿದರು. "ಚೆಂದ ಇರೋದನ್ನ ಎತ್ಕೊಂಡು ಮಂಕಾಗಿರೋದನ್ನ ಬಿಡ್ತಿದೀಯ. ಈ ಕೆಲಸಕ್ಕೆ ಕಣ್ಣು ಬೇಕಮ್ಮ, ಕಣ್ಣು."

ಅವಳು ಕಣ್ಣಿನ ಡಾಕ್ಟರ ಹತ್ತಿರ ಹೋಗಿಬಂದಳು. ನಗಬೇಡಿ, ನಿಜವಾಗಿ ಹೋಗಿಬಂದಳು. ಕನ್ನಡಕ ಬೇಡವೆಂದು ಡಾಕ್ಟರು ಕಳಿಸಿದರು. ಆಮೇಲೆ ಎರಡೆರಡು ಸಲ ಆರಿಸತೊಡಗಿದಳು, ಬಿಟ್ಟ ಪುಡಿಯನ್ನು ಮತ್ತೆ ಸುರಿದುಕೊಂಡು. ಊಟದ ಡಬ್ಬಿ ತೆಗೆಯದೆ ಹಾಗೇ ವಾಪಸು ಒಯ್ಯುತ್ತಿದ್ದಳು. ಅಮ್ಮನಿಂದ ಫೋನ್ ಬಂದರೆ, "ಸಿಗುತ್ತೆ ಬಿಡಮ್ಮ, ಇನ್ನೇನು," ಎನ್ನುತ್ತಿದ್ದಳು. ಅದು ಕಿವಿಗೆ ಬಿದ್ದರೆ ನಾನು ಬೇರೆ ಕಡೆ ನಡೆದುಬಿಡುತ್ತಿದ್ದೆ. ಯಾಕೆಂದು ಸ್ಪಷ್ಟವಾಗಿ ಗೊತ್ತಿರಲಿಲ್ಲ, ಗೊತ್ತು ಮಾಡಿಕೊಳ್ಳಲು ಮನಸ್ಸೂ ಇರಲಿಲ್ಲ.

ಆರು ತಿಂಗಳ ಹಿಂದೆ, ಅವಳ ಅಂತಿಮ ಪರಿಶೀಲನೆಗೆ ಮೂರು ದಿನ ಇದ್ದಾಗ, ಮಧ್ಯಾಹ್ನ ನೆಲಮಾಳಿಗೆಗೆ ಓಡಿ ಬಂದಳು. ಕೈಯಲ್ಲಿ ಒಂದು ಹಳೆಯ ಪತ್ರಿಕೆಯ ಹಾಳೆಗಳು. ಅವಳ ಮುಖದಲ್ಲಿ ಅಷ್ಟು ಬೆಳಕನ್ನು ನಾನು ವರ್ಷಗಳಿಂದ ನೋಡಿರಲಿಲ್ಲ.

"ಅಣ್ಣಾ, ಇದನ್ನ ಯಾರೂ ಓದೇ ಇಲ್ಲ. ಯಾವುದೋ ಸಣ್ಣ ಪತ್ರಿಕೆ. ಇವರ ದೇಶದ ಕಲ್ಲು ಮುನ್ನೂರ ತೊಂಬತ್ತು ಕೋಟಿ ವರ್ಷದ್ದಂತೆ. ಕೊನೇಲಿ ಯಾರಿಗೆ ಥ್ಯಾಂಕ್ಸ್ ಹೇಳಿದಾರೆ ನೋಡಿ. ನಮ್ಮ ವಿಭಾಗಕ್ಕೆ! ಇಲ್ಲೇ ಪುಡಿ ಮಾಡಿಸಿದ್ದು. ಯಾವಾಗ ಮಾಡಿಸಿದ್ರು? ಪುಸ್ತಕ ಕೊಡಿ."

ಕೈ ಕುಲುಕುತ್ತಿದ್ದ ಆ ಅತಿಥಿ. ಹನ್ನೊಂದು ವರ್ಷದ ಹಿಂದಿನ ಪುಸ್ತಕವನ್ನು ಕಪಾಟಿನಿಂದ ತೆಗೆದುಕೊಟ್ಟೆ. ಅವಳೇ ಹಾಳೆ ಮಗುಚಿದಳು. ಅತಿಥಿಯ ಕಲ್ಲು, ಅದರ ಕೆಳಗಿನ ಸಾಲಿನಲ್ಲೇ ಬೋಳುಗುಡ್ಡದ ಕಲ್ಲು. ಒಂದೇ ತಾರೀಕು. ಅವಳ ಬೆರಳು ಎಡದಿಂದ ಬಲಕ್ಕೆ ನಿಧಾನವಾಗಿ ಸರಿಯಿತು. ಬಿಳಿ ಕಲ್ಲು: ಹಾಕಿದೆ. ಸಹಿಯ ಹತ್ತಿರ ಬೆರಳು ನಿಂತಿತು.

ಮುಖದ ಬೆಳಕು ಹಾಗೇ ಆರಿಹೋಯಿತು.

"ಅಯ್ಯೋ. ಹಾಕಿದೀರ."

ನಾನು ಕಪಾಟಿನ ಬಾಗಿಲು ಹಾಕಿದೆ.

"ಒಂದು ಗಳಿಗೆ ಬೆರಕೆ ಆಗಿರಬೇಕು ಅಂದ್ಕೊಂಡ್ಬಿಟ್ಟೆ ಅಣ್ಣಾ. ತಪ್ಪು ನನ್ನದಲ್ಲ ಅಂದ್ಕೊಂಡ್ಬಿಟ್ಟೆ." ನಗಲು ನೋಡಿದಳು. "ಬೇರೆ ಯಾರದಾದ್ರೂ ಸಹಿ ಆಗಿದ್ರೆ ಅನುಮಾನ ಪಡ್ತಿದ್ದೆ. ನಿಮ್ಮದು ಅಂದ್ಮೇಲೆ ಮುಗೀತು."

ಪುಸ್ತಕ ಮುಚ್ಚಿ, ಧೂಳು ಒರೆಸಿ, ಎರಡೂ ಕೈಯಲ್ಲಿ ನನಗೆ ವಾಪಸು ಕೊಟ್ಟಳು. ಮೆಟ್ಟಿಲು ಹತ್ತಿ ಹೋದಳು. ಆಗಲೇ ಕರೆಯಬಹುದಿತ್ತು. ಹದಿನಾಲ್ಕು ಮೆಟ್ಟಿಲು, ಮೇಲೆ ತಲುಪುವವರೆಗೂ ಅವಳ ಚಪ್ಪಲಿ ಸದ್ದು ಕೇಳುತ್ತಿತ್ತು. ನಾನು ಯಂತ್ರವನ್ನು ಒರೆಸುತ್ತಾ ನಿಂತಿದ್ದೆ, ಕೊಳೆಯೇ ಇಲ್ಲದ ಯಂತ್ರವನ್ನು.

ಮಾರನೆಯ ದಿನ ಬೆಳಗ್ಗೆ ಪುಸ್ತಕ ಕಂಕುಳಲ್ಲಿಟ್ಟುಕೊಂಡು ಮೇಷ್ಟ್ರ ಕೋಣೆಗೆ ಹೋದೆ. ರಾತ್ರಿಯಿಡೀ ಕಲಿತುಕೊಂಡಿದ್ದ ಮಾತನ್ನು ಒಂದೇ ಉಸಿರಿಗೆ ಹೇಳಿದೆ. ಅವತ್ತು ಬಿಳಿ ಕಲ್ಲು ಹಾಕಿರಲಿಲ್ಲ ಸರ್, ಆ ಏಳು ಕಾಳು ಅತಿಥಿಯವು, ಹುಡುಗಿಯ ಕಣ್ಣು ಸರಿಯಾಗಿದೆ.

ಅವರು ಬೆಚ್ಚಿಬೀಳುತ್ತಾರೆಂದುಕೊಂಡಿದ್ದೆ. ಅವರು ಪೆನ್ನಿನ ಮುಚ್ಚಳ ಹಾಕಿ, "ಬಾಗಿಲು ಹಾಕು," ಅಂದರು.

ಹಾಕಿದೆ.

"ಆ ಪೇಪರ್ ಬಂದಾಗಲೇ ನಾನು ಓದಿದೀನಿ. ಒಂಬತ್ತು ವರ್ಷ ಆಯ್ತು."

"ಗೊತ್ತಿತ್ತಾ ಸರ್? ಗೊತ್ತಿದ್ದೂ ಆ ಮಗೂನ..."

"ಗೊತ್ತಿತ್ತು ಅಂತಲ್ಲ. ಅನುಮಾನ." ಕಿಟಕಿ ಕಡೆ ನೋಡುತ್ತಾ ಹೇಳಿದರು, "ಅವಳಿಗೆ ಒಂದೇ ಒಂದು ಕಾಳು ಸಿಕ್ಕಿದ್ರೂ ಸಾಕಿತ್ತು. ನಂದು ನಿಜ ಆಗ್ತಿತ್ತು. ನಾನೂ ನಿದ್ದೆ ಮಾಡಿ ಎಷ್ಟು ವರ್ಷ ಆಯ್ತು ಅಂತ ನಿನಗೇನು ಗೊತ್ತು?"

ಒಂದು ಕ್ಷಣ ಅವರ ಮೇಲೆ ಅಯ್ಯೋ ಪಾಪ ಅನ್ನಿಸಿತು. ಆಮೇಲೆ ಮೈಯೆಲ್ಲ ಉರಿಯಿತು. ತನ್ನ ನಿದ್ದೆಗಾಗಿ ಒಂದು ಹುಡುಗಿಯ ಐದು ವರ್ಷವನ್ನು ದಿಂಬು ಮಾಡಿಕೊಂಡ ಮನುಷ್ಯ.

"ನಾನು ಬರೆದುಕೊಡ್ತೀನಿ ಸರ್. ನೀವೇ ಬ್ರಷ್ ಹೊಡೆದು ಹಾಕು ಅಂದಿರಿ ಅಂತಾನೂ ಬರೀತೀನಿ."

"ಬರಿ. ನಾನು ಅಂದಿದ್ದಕ್ಕೆ ಏನಿದೆ ಆಧಾರ? ಸಹಿ ಯಾರದು?" ದನಿ ಏರಿಸಲಿಲ್ಲ, ಪಾಠ ಹೇಳಿದಷ್ಟೇ ಸಲೀಸಾಗಿ ಹೇಳಿದರು. "ಸುಳ್ಳು ದಾಖಲೆ ಬರೆದಿದ್ದಕ್ಕೆ ಮೊದಲು ಮನೆಗೆ ಹೋಗೋನು ನೀನು. ಆಮೇಲೆ ಈ ಹನ್ನೊಂದು ವರ್ಷ ಇಲ್ಲಿ ಯಾರ್ಯಾರು ಕಲ್ಲು ಪುಡಿ ಮಾಡಿಸಿದಾರೋ ಅವರೆಲ್ಲರ ಪಿಎಚ್‌.ಡಿ.ಗಳನ್ನೂ ಅಗೀತಾರೆ. ಎಷ್ಟು ಮಕ್ಕಳು? ನಲವತ್ತು? ಅವರೆಲ್ಲ ಕೆಲಸದಲ್ಲಿದಾರೆ, ಸಂಸಾರಸ್ಥರಾಗಿದಾರೆ. ಒಬ್ಬಳಿಗೋಸ್ಕರ ಅಷ್ಟು ಜನರ ಬಾಯಿಗೆ ಮಣ್ಣು ಹಾಕ್ತೀಯಾ? ಯೋಚನೆ ಮಾಡು."

ಅದೇ ನೋಡಿ ದೊಡ್ಡವರ ಜಾಣತನ. ನನ್ನ ಹೆದರಿಕೆಗೆ ಒಂದು ಒಳ್ಳೆಯ ಅಂಗಿ ತೊಡಿಸಿ ಕಳಿಸಿದರು. ನಲವತ್ತು ಮಕ್ಕಳಿಗಾಗಿ ಸುಮ್ಮನಿದ್ದೇನೆ ಎಂದು ನಾನೂ ಎರಡು ದಿನ ನಂಬಿಕೊಂಡೆ. ಆ ನಲವತ್ತರಲ್ಲಿ ಒಂದು ಮುಖವೂ ನನ್ನ ಕಣ್ಣ ಮುಂದೆ ಬರಲಿಲ್ಲ. ಬಂದದ್ದು ನಮ್ಮ ಹಾಲಿನ ಗೋಡೆ, ಅಲ್ಲಿಂದ ಆ ಕಟ್ಟನ್ನು ಇಳಿಸುತ್ತಿರುವ ನನ್ನ ಹೆಂಡತಿ.

ಗುರುವಾರ ಪರಿಶೀಲನೆ. ಮೂರನೆಯ ಮಹಡಿಯ ಸಭಾಕೊಠಡಿಯ ಹೊರಗಿನ ಬೆಂಚಿನಲ್ಲಿ ನಾನು ಕೂತಿದ್ದೆ, ಪುಸ್ತಕ ತೊಡೆಯ ಮೇಲೆ. ಯಾಕೆ ಹೋಗಿದ್ದೆ ಎಂದು ಕೇಳಿದರೆ ಹೇಳಲಾರೆ. ಬಾಗಿಲು ಅರ್ಧ ತೆರೆದಿತ್ತು. ಹೊರಗಿನಿಂದ ಬಂದಿದ್ದ ಪರೀಕ್ಷಕರು ವಯಸ್ಸಾದ ಹೆಂಗಸು, ಚುರುಕು.

"ಪುಡಿ ಮಾಡುವಾಗ ಬೆರಕೆ ಆಗಿರೋ ಸಾಧ್ಯತೆ ನೋಡಿದ್ರಾ? ನಿಮ್ಮ ಕಲ್ಲಲ್ಲ, ಮೊದಲ ಕಲ್ಲು," ಎಂದು ಅವರು ಕೇಳಿದ್ದು ಕಿವಿಗೆ ಬಿತ್ತು. ದೇವರಂಥ ಹೆಂಗಸು, ಸರಿಯಾದ ಜಾಗಕ್ಕೇ ಕೈ ಹಾಕಿದ್ದರು.

"ನೋಡಿದೀನಿ ಮೇಡಂ," ಎಂದಳು ಜರಡಿ. "ದಾಖಲೆ ಪುಸ್ತಕ ನೋಡಿದೀನಿ. ಬಿಳಿ ಕಲ್ಲು ಹಾಕಿದಾರೆ. ಸಹಿ ಇದೆ."

"ಪುಸ್ತಕದಲ್ಲಿ ಏನು ಬೇಕಾದ್ರೂ ಬರೀಬಹುದಮ್ಮ."

"ಈ ಪುಸ್ತಕದಲ್ಲಿ ಆಗಲ್ಲ ಮೇಡಂ. ಅವರು ಇಲ್ಲೇ ಹೊರಗೆ ಕೂತಿದಾರೆ, ಬೇಕಾದ್ರೆ ಕೇಳಿ."

ಒಳಗೆ ಕರೆದರು. ಉದ್ದನೆಯ ಮೇಜು, ನಾಲ್ಕು ನೀರಿನ ಬಾಟಲಿ. ಮೇಷ್ಟ್ರು ತಮ್ಮ ಪೆನ್ನನ್ನೇ ನೋಡುತ್ತಿದ್ದರು. ಹುಡುಗಿ ಪರದೆಯ ಪಕ್ಕ ನಿಂತಿದ್ದಳು, ನನ್ನನ್ನು ಕಂಡು ಸಣ್ಣಗೆ ತಲೆಯಾಡಿಸಿದಳು, ಹೆದರಬೇಡಿ ಎನ್ನುವ ಹಾಗೆ. ನನಗೆ ಧೈರ್ಯ ಹೇಳುತ್ತಿದ್ದಳು ಅವಳು.

"ಈ ಸಹಿ ನಿಮ್ಮದೇನಾ?" ಪರೀಕ್ಷಕರು ನನ್ನ ಕೈಯಿಂದ ಪುಸ್ತಕ ತೆಗೆದುಕೊಂಡು ಕೇಳಿದರು.

"ನಂದೇ ಮೇಡಂ."

"ಅವತ್ತು ಬಿಳಿ ಕಲ್ಲು ಹಾಕಿದ್ರಾ? ನೆನಪಿದೆಯಾ?"

ನೆನಪಿಲ್ಲ ಎನ್ನಬಹುದಿತ್ತು. ಹನ್ನೊಂದು ವರ್ಷ, ಯಾರಾದರೂ ನಂಬುತ್ತಿದ್ದರು. ಆ ಒಂದು ಮಾತಿನಿಂದಲೂ ಅವಳು ಬದುಕಿಕೊಳ್ಳುತ್ತಿದ್ದಳು, ಅನುಮಾನದ ಒಂದು ಎಳೆ ಸಿಕ್ಕಿದ್ದರೆ ಆ ಹೆಂಗಸು ಬಿಡುತ್ತಿರಲಿಲ್ಲ. ಆದರೆ ನನ್ನ ಹೆಸರಿನ ಎದುರು ಅನುಮಾನ ಅನ್ನುವ ಪದ ಬರುತ್ತಿತ್ತು.

"ಹಾಕಿದ್ದೆ ಮೇಡಂ," ಅಂದೆ. "ನಾನು ಯಾವತ್ತೂ ಬಿಟ್ಟಿಲ್ಲ."

ಅವರು ನನ್ನನ್ನು ಒಂದು ಗಳಿಗೆ ನೋಡಿ, ಪುಸ್ತಕ ಮುಚ್ಚಿದರು. "ಹಾಗಾದ್ರೆ ಆರಿಸೋದ್ರಲ್ಲೇ ಏನೋ ದೋಷ ಇದೆ," ಎಂದು ನಿಟ್ಟುಸಿರಿಟ್ಟು ಬರೆದುಕೊಂಡರು.

ಪಿಎಚ್‌.ಡಿ.ಗೆ ಸಾಲದು, ಎಂ.ಫಿಲ್. ಕೊಟ್ಟು ಕಳಿಸಿ ಎಂದು ತೀರ್ಮಾನವಾಯಿತು. ಐದು ವರ್ಷಕ್ಕೆ ಒಂದು ಸಮಾಧಾನದ ಕಾಗದ. ಹೊರಗೆ ಬಂದವಳು ಅಳಲಿಲ್ಲ. ನನ್ನ ಪಕ್ಕ ಬೆಂಚಿನ ಮೇಲೆ ಕೂತು, ಬಲಗೈ ಬೆರಳುಗಳನ್ನು ಒಂದೊಂದಾಗಿ ಮಡಿಸಿ ಬಿಡಿಸಿ ನೋಡಿಕೊಂಡಳು. "ಏನಾಗಿದೆಯೋ ಈ ಕೈಗೆ," ಅಂದಳು. ಆಮೇಲೆ, "ನಿಮ್ಮನ್ನ ಸುಮ್ನೆ ಒಳಗೆ ಎಳೆದೆ, ಬೇಜಾರು ಮಾಡ್ಕೋಬೇಡಿ," ಅಂದಳು. ನಾನು, "ಅಯ್ಯೋ, ಅದಕ್ಕೇನಮ್ಮ," ಎಂದೆ.

ಮೂರು ತಿಂಗಳ ಮೇಲೆ ಒಂದು ಭಾನುವಾರ ಮನೆಗೇ ಬಂದಳು. ಕೈಯಲ್ಲಿ ಅವಳ ತೆಳ್ಳನೆಯ ಎಂ.ಫಿಲ್. ಪ್ರಬಂಧದ ಪ್ರತಿ. ಟೈಲ್ಸ್ ಅಂಗಡಿಯೊಂದರಲ್ಲಿ ಕೆಲಸ ಸಿಕ್ಕಿದೆಯಂತೆ, ಗಿರಾಕಿಗಳಿಗೆ ಕಲ್ಲಿನ ಬಣ್ಣ ತೋರಿಸುವುದು.

"ಒಳ್ಳೇದಾಯ್ತು, ಓದಿದ್ದಕ್ಕೆ ತಕ್ಕ ಕೆಲಸ," ಎಂದಳು ನನ್ನ ಹೆಂಡತಿ, ಪಾಪ, ಒಳ್ಳೆಯ ಮನಸ್ಸಿನಿಂದಲೇ.

"ಹೌದು ಆಂಟಿ. ಕಲ್ಲುಗಳು ದೊಡ್ಡದಾಗಿರ್ತವೆ, ಕಣ್ಣಿಗೆ ಚೆನ್ನಾಗಿ ಕಾಣ್ತವೆ," ಎಂದು ನಕ್ಕಳು.

ಅವಳು ಕಾಫಿ ಕುಡಿದು ಹೋದ ಮೇಲೆ ಹೆಂಡತಿ ಪ್ರಬಂಧದ ಮೊದಲ ಹಾಳೆಗಳನ್ನು ಮಗುಚುತ್ತಾ, "ರೀ, ಇಲ್ಲೂ ನಿಮ್ಮ ಹೆಸರಿದೆ!" ಎಂದು ಕೂಗಿದಳು. ಓದಿ ಹೇಳಿದಳು, ಒಂದೊಂದೇ ಪದ ಬಿಡಿಸಿಕೊಂಡು: ನನ್ನ ಕೈಯನ್ನು ನಾನೇ ನಂಬಲಾಗದೆ ಹೋದ ದಿನಗಳಲ್ಲಿ, ಕಣ್ಣು ಮುಚ್ಚಿ ನಂಬಬಹುದಾಗಿದ್ದ ಒಂದೇ ಒಂದು ಸಹಿ ನಮ್ಮ ಪುಡಿಯಣ್ಣನದು.

ಹೆಂಡತಿಯ ಕಣ್ಣಲ್ಲಿ ನೀರು. ಆಗ ಹೇಳಿಬಿಡಬೇಕೆಂದು ಬಾಯಿ ತೆರೆದೆ, ಆಣೆಗೂ ತೆರೆದೆ. ಅವಳು ಅಷ್ಟರಲ್ಲಿ ಕಪಾಟಿನಲ್ಲಿ ಕೆಂಪು ಪೆನ್ಸಿಲ್ ಹುಡುಕುತ್ತಿದ್ದಳು.

ಮುಂದಿನ ವಾರವೇ ಕಟ್ಟು ಹಾಕಿಸಿಕೊಂಡು ಬಂದಳು. ಸ್ಟೂಲು ಹತ್ತಿ ತಾನೇ ಮೊಳೆ ಹೊಡೆದು, ಹಳೆಯದರ ಪಕ್ಕಕ್ಕೆ ಹೊಸದನ್ನು ತೂಗುಹಾಕಿದಳು. ನಾನು ಸೋಫಾದಲ್ಲಿ ಪತ್ರಿಕೆ ಹಿಡಿದು ಕೂತಿದ್ದೆ.

"ರೀ, ಎರಡೂ ಒಂದೇ ಸಮ ಇದೆಯಾ ನೋಡಿ."

ಪತ್ರಿಕೆಯಿಂದ ತಲೆ ಎತ್ತದೆಯೇ, "ಇದೆ," ಎಂದೆ.